ಎಕ್ಕದ ಹೂವಿಗೆ ಎಷ್ಟು ಎಸಳು

ನನ್ನ ಹೂವು ನನಗಿಂತ ಎತ್ತರಕ್ಕೆ ಗೋಡೆಯ ಮೇಲೆ ಅರಳಿ ನಿಂತಿದ್ದನ್ನು ಮೊದಲ ಸಲ ನೋಡಿದ ದಿನ, ಕೈಯಲ್ಲಿದ್ದ ಬ್ಯಾಗು, ಊಟದ ಡಬ್ಬಿ, ವರ್ಗಾವಣೆ ಆದೇಶ ಎಲ್ಲವನ್ನೂ ಶಾಲೆಯ ಜಗುಲಿಯ ಮೇಲೆ ಹಾಕಿ ಚಪ್ಪಾಳೆ ತಟ್ಟಿಬಿಟ್ಟೆ. ಕೆಲಸಕ್ಕೆ ಹಾಜರಾಗಲು ಬಂದ ಹೊಸ ವಿಜ್ಞಾನ ಮೇಡಂ ಗೋಡೆ ನೋಡಿಕೊಂಡು ಚಪ್ಪಾಳೆ ತಟ್ಟುತ್ತಿದ್ದಾಳೆಂದು ಯಾರೋ ಹೇಳಿರಬೇಕು, ಹೆಡ್ಮಾಸ್ಟರು ಹೊರಗೆ ಓಡಿ ಬಂದರು.

"ಸಾರ್, ಇದು ನಂದು! ಈ ಹೂವು ನಾನು ಬರೆದಿದ್ದು!" ಎಂದೆ.

ಅವರು ಗೋಡೆಯನ್ನೊಮ್ಮೆ ನನ್ನನ್ನೊಮ್ಮೆ ನೋಡಿ, "ಇದನ್ನ ಪೇಂಟರ್ ಬರ್ದಿದ್ದು ಕಣ್ರಿ ಮೇಡಂ. ನಾನೇ ಪಕ್ಕದಲ್ಲಿ ನಿಂತು ಬರ್ಸಿದೀನಿ" ಎಂದರು.

ಇಬ್ಬರು ಹೇಳಿದ್ದೂ ನಿಜವೇ. ನಾನು ಚಿತ್ರದುರ್ಗದಲ್ಲಿ ಬಿ.ಎಡ್. ಓದುತ್ತಿದ್ದಾಗ ಚಾರ್ಟ್ ಸ್ಪರ್ಧೆ ಇಟ್ಟಿದ್ದರು. ಹೂವಿನ ಭಾಗಗಳು ಎಂದರೆ ಎಲ್ಲರೂ ಕಣ್ಣು ಮುಚ್ಚಿಕೊಂಡು ದಾಸವಾಳ ಬರೆಯುವವರೇ. ಪುಸ್ತಕದಲ್ಲಿ ದಾಸವಾಳ, ಗೈಡಿನಲ್ಲಿ ದಾಸವಾಳ, ಹಳೆಯ ಬ್ಯಾಚಿನವರು ಬಿಟ್ಟುಹೋದ ಚಾರ್ಟಿನಲ್ಲೂ ದಾಸವಾಳ. ನನಗೋ ಮೊದಲಿನಿಂದಲೂ ಎಲ್ಲರಂತೆ ಮಾಡುವುದೆಂದರೆ ಮೈ ಉರಿ. ನಾನು ಹಿರೇಗುಂಟನೂರಿನವಳು, ನಮ್ಮ ನೆಲದ ಹೂವನ್ನೇ ಬರೆಯುತ್ತೇನೆ ಎಂದು ಎಕ್ಕದ ಹೂವನ್ನು ಆರಿಸಿಕೊಂಡೆ. ಬೀಳು ಜಾಗದಲ್ಲಿ, ರಸ್ತೆ ಪಕ್ಕದಲ್ಲಿ, ಯಾರೂ ನೀರು ಹಾಕದಿದ್ದರೂ ಬೆಳೆಯುವ ಗಿಡ. ಚಿಕ್ಕಂದಿನಲ್ಲಿ ಅದರ ಮೊಗ್ಗನ್ನು ಟಪ್ ಎಂದು ಒಡೆದು ಬೆಳೆದವಳು ನಾನು. ಹಾಸ್ಟೆಲ್ಲಿನ ಕಾಂಪೌಂಡಿನ ಹೊರಗೆ ಗಿಡ ಇತ್ತು. ಎದ್ದು ಹೋಗಿ ಒಂದು ಹೂವು ಕಿತ್ತುಕೊಂಡು ಬರಲಿಲ್ಲ. ಗೊತ್ತಿರುವ ಹೂವನ್ನು ನೋಡುವುದೇನಿದೆ ಎಂದುಕೊಂಡೆ.

ಆ ಚಾರ್ಟಿಗೆ ಮೊದಲ ಬಹುಮಾನ ಬಂತು. ಮೇಷ್ಟ್ರುಗಳು ಅದನ್ನು ಮಾದರಿ ಎಂದು ಇಟ್ಟುಕೊಂಡರು. ಮುಂದಿನ ಬ್ಯಾಚಿನವರು ಅದನ್ನು ನೋಡಿ ಬರೆದರು, ಅವರದನ್ನು ನೋಡಿ ಇನ್ನೊಬ್ಬರು. ಮೊಬೈಲು ಬಂದ ಮೇಲಂತೂ ಯಾರೋ ಫೋಟೋ ತೆಗೆದು ಶಿಕ್ಷಕರ ಗುಂಪುಗಳಿಗೆ ಹಾಕಿದರಂತೆ. ಅಲ್ಲಿಂದ ಅದು ಹೊಳಲ್ಕೆರೆ, ಹಿರಿಯೂರು ಎಂದು ಊರೂರು ಸುತ್ತಿ, ಕೊನೆಗೆ ಹೊಸದುರ್ಗದ ಒಬ್ಬ ಬೋರ್ಡ್ ಪೇಂಟರನ ಕೈಗೆ ಸಿಕ್ಕಿ, ಶ್ರೀರಾಂಪುರದ ದಾರಿಯಲ್ಲಿರುವ ಈ ಸರ್ಕಾರಿ ಹೈಸ್ಕೂಲಿನ ಗೋಡೆಗೇರಿತ್ತು. ನೇರಳೆ ಬಣ್ಣದ ಆರು ದಳ, ನಡುವೆ ಕಿರೀಟ, ಪ್ರತಿ ಭಾಗಕ್ಕೂ ಬಾಣದ ಗುರುತು. ನಾನು ಹಾಕಿದ್ದ ಬಾಣವೊಂದು ಸ್ವಲ್ಪ ಸೊಟ್ಟಗಿತ್ತು, ಗೋಡೆಯ ಮೇಲೂ ಅದು ಅಷ್ಟೇ ಸೊಟ್ಟಗಿತ್ತು. ಅದನ್ನು ನೋಡಿಯೇ ನನ್ನದೆಂದು ಖಾತ್ರಿಯಾದದ್ದು. ಆವತ್ತು ಮನೆಗೆ ಹೋಗಿ ಗಂಡನಿಗೆ ಈ ಕತೆಯನ್ನು ಎಷ್ಟು ಸಲ ಹೇಳಿದೆನೆಂದರೆ ಅವರು ಊಟದ ತಟ್ಟೆ ಎತ್ತಿಕೊಂಡು ಟಿವಿ ಮುಂದೆ ಹೋಗಿ ಕೂತರು.

ಆ ವರ್ಷ ಚಿತ್ರದುರ್ಗದಲ್ಲಿ ಜಿಲ್ಲಾ ಮಟ್ಟದ ವಿಜ್ಞಾನ ವಸ್ತುಪ್ರದರ್ಶನ. ಮಾಡೆಲ್ಲುಗಳ ಜೊತೆಗೆ ಹೊಸದಾಗಿ ನಿಸರ್ಗ ವೀಕ್ಷಣೆಯ ನೋಟ್‌ಬುಕ್ಕಿಗೂ ಸ್ಪರ್ಧೆ ಇಟ್ಟಿದ್ದರು. ಶಾಲೆಗೊಂದು ಮಗು. ನಾನು ಎಂಟು, ಒಂಬತ್ತನೇ ಕ್ಲಾಸಿನವರಿಗೆಲ್ಲ ನೋಟ್‌ಬುಕ್ಕು ಇಡಲು ಹೇಳಿದೆ. ಕಣ್ಣಾರೆ ಕಂಡದ್ದನ್ನು ಬರೆಯಿರಿ, ಸ್ವಂತ ಬುದ್ಧಿ ಉಪಯೋಗಿಸಿ ಎಂದು ಅರ್ಧ ಗಂಟೆ ಭಾಷಣವನ್ನೂ ಬಿಗಿದೆ. ಒಂದು ತಿಂಗಳ ಮೇಲೆ ಪುಸ್ತಕಗಳು ಬಂದವು. ಒಂದೊಂದನ್ನು ತೆಗೆದಂತೆಲ್ಲ ನನ್ನ ಮುಖ ಸಣ್ಣದಾಯಿತು. ಎರಡು ಬೆಟ್ಟ, ನಡುವೆ ಸೂರ್ಯ. ನೀರಿನ ಚಕ್ರ. ಚಿಟ್ಟೆಯ ಜೀವನ ಚರಿತ್ರೆ, ಅದೂ ಎಲ್ಲರ ಪುಸ್ತಕದಲ್ಲೂ ಒಂದೇ ಚಿಟ್ಟೆ.

ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿಯ ಪುಸ್ತಕ ಮಾತ್ರ ಬೇರೆ. ಬಾಗೂರು ಕಡೆಯವಳು, ಅಜ್ಜಿಯ ಮನೆಯಲ್ಲಿದ್ದು ಓದುತ್ತಿದ್ದಳು. ಕ್ಲಾಸಿನಲ್ಲಿ ಬಾಯಿ ಬಿಟ್ಟವಳೇ ಅಲ್ಲ. ಪುಸ್ತಕದ ಮೊದಲ ಪುಟದಲ್ಲಿ ಹೀಗೆ ಬರೆದಿದ್ದಳು: "ಗುಡ್ಡದ ಮೇಲೆ ಹೊಸದಾಗಿ ಗಾಳಿ ಫ್ಯಾನು ನಿಲ್ಲಿಸಿದ್ದಾರೆ. ಸಂಜೆ ಅದರ ರೆಕ್ಕೆಯ ನೆರಳು ನಮ್ಮ ಹಿತ್ತಲಿನಲ್ಲಿ ಹಾಯುತ್ತದೆ. ಕೋಳಿಗಳು ಹದ್ದು ಬಂತೆಂದು ಓಡುತ್ತವೆ. ನಾಲ್ಕು ದಿನ ಓಡಿದವು. ಐದನೇ ದಿನ ಓಡಲಿಲ್ಲ. ಮರಿಗಳು ಮಾತ್ರ ಓಡಿದವು." ನಾನು ಕುರ್ಚಿಯಿಂದ ಎದ್ದು ನಿಂತು ಇನ್ನೊಮ್ಮೆ ಓದಿದೆ. ಇಪ್ಪತ್ತು ವರ್ಷ ಪಾಠ ಮಾಡಿದ್ದೇನೆ, ಇಂಥ ನಾಲ್ಕು ಸಾಲು ನನ್ನ ಕೈಗೆ ಬಂದಿರಲಿಲ್ಲ. ಇವಳೇ, ಚಿತ್ರದುರ್ಗಕ್ಕೆ ಇವಳೇ ಹೋಗಬೇಕು ಎಂದು ತೀರ್ಮಾನಿಸಿಕೊಂಡೇ ಪುಟ ತಿರುಗಿಸುತ್ತಾ ಹೋದೆ. ಆರನೆಯದೋ ಏಳನೆಯದೋ ಪುಟದಲ್ಲಿ ಎಕ್ಕದ ಹೂವು ಬಂತು. ಪೆನ್ಸಿಲ್ಲಿನಲ್ಲಿ ಬರೆದು ನೇರಳೆ ಬಳಿದಿದ್ದಳು. ದಳ ಐದೇ ಇದ್ದವು.

ಛೇ ಎನಿಸಿತು. ಇಷ್ಟು ಚೆನ್ನಾಗಿ ಬರೆಯುವವಳು ಇಷ್ಟು ಸಣ್ಣ ತಪ್ಪು ಮಾಡುವುದೇ? ಕೆಂಪು ಪೆನ್ನು ತೆಗೆದು ಹೂವಿನ ಮೇಲೆ ಅಡ್ಡಗೀಟು ಎಳೆದು, ಪಕ್ಕದಲ್ಲಿ "ದಳಗಳು ಆರು. ಗೋಡೆ ನೋಡಿ ಸರಿಯಾಗಿ ಬರೆ" ಎಂದು ಬರೆದೆ. ಕರೆದು ಪುಸ್ತಕ ಕೊಟ್ಟೆ.

ಅವಳು ಅದನ್ನು ನೋಡಿ ಅಲ್ಲೇ ನಿಂತಳು. "ಮಿಸ್, ಹೂವು ನೋಡೇ ಬರ್ದಿದ್ದು."

"ಸರಿಯಾಗಿ ನೋಡಿಲ್ಲ ನೀನು."

"ಐದೇ ಅವೆ ಮಿಸ್."

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಮನೆಯವರೂ ಹೇಳುತ್ತಾರೆ. "ಏನೇ ಹಂಗಂದ್ರೆ? ಗೋಡೆ ಸುಳ್ಳಾ? ಅದನ್ನ ಬರೆದ ನಾನು ಸುಳ್ಳಾ? ಶನಿವಾರ ಹೆಸರು ಕಳಿಸ್ಬೇಕು. ಅಷ್ಟರೊಳಗೆ ತಿದ್ದಿ ತಂದ್ರೆ ನಿನ್ನ ಹೆಸರು, ಇಲ್ಲಾಂದ್ರೆ ಬೇರೆಯವ್ರದ್ದು" ಎಂದುಬಿಟ್ಟೆ. ಅವಳು ಪುಸ್ತಕವನ್ನು ಎದೆಗೆ ಒತ್ತಿಕೊಂಡು ಹೋದಳು. ಗುರುವಾರ ಬರಲಿಲ್ಲ, ಶುಕ್ರವಾರವೂ ಪುಸ್ತಕ ತರಲಿಲ್ಲ. ಹಟಮಾರಿ ಎಂದುಕೊಂಡೆ. ಬೇರೊಬ್ಬನ ನೀರಿನ ಚಕ್ರವನ್ನು ಎತ್ತಿಟ್ಟುಕೊಂಡೆ.

ಶನಿವಾರ ಬೆಳಗ್ಗೆ ಹೊಸದುರ್ಗದಲ್ಲಿ ಬಸ್ಸು ಹತ್ತಿದೆ. ಶನಿವಾರ ಅರ್ಧ ದಿನದ ಶಾಲೆ, ಬೆಳಗಿನ ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನನಗೆ ಹೇಗೋ ಸೀಟು ಸಿಕ್ಕಿತ್ತು. ನಮ್ಮ ಕಡೆ ಬಸ್ಸಿನಲ್ಲಿ ಕೂತವರೆಂದರೆ ನಿಂತವರ ಸಾಮಾನು ಹೊರುವವರು. ಪಕ್ಕದಲ್ಲಿ ನಿಂತಿದ್ದ ಅಜ್ಜ ಕೇಳುವ ಗೋಜಿಗೂ ಹೋಗದೆ ಒಂದು ಬಿದಿರು ಬುಟ್ಟಿಯನ್ನು ನನ್ನ ತೊಡೆ ಮೇಲಿಟ್ಟು, "ಒಸಿ ಹಿಡ್ಕಳವ್ವ, ಸ್ವಾಮಿ ಹಾರ ಐತೆ, ನಜ್ಜುಗುಜ್ಜಾದೀತು" ಎಂದ. ಬುಟ್ಟಿಯ ತುಂಬ ಎಕ್ಕದ ಹೂವು. ಶನಿವಾರ ಆಂಜನೇಯನಿಗೆ ಹಾಕುವ ಹಾರ. ನನ್ನ ಮೂಗಿನಿಂದ ಗೇಣು ದೂರದಲ್ಲಿತ್ತು. ನೋಡದೆ ಬೇರೆ ದಾರಿ ಇರಲಿಲ್ಲ.

ಒಂದು, ಎರಡು, ಮೂರು, ನಾಲ್ಕು, ಐದು.

ಒಂದು ಎಸಳು ಉದುರಿರಬೇಕು ಎಂದುಕೊಂಡು ಪಕ್ಕದ್ದನ್ನು ಎಣಿಸಿದೆ. ಐದು. ಅದರ ಪಕ್ಕದ್ದು ಐದು. ಹಾರವನ್ನು ತಿರುಗಿಸಿದೆ, ಆ ಬದಿಯೂ ಐದು.

"ಅಜ್ಜಾ, ಈ ಹೂವಿಗೆ ಎಷ್ಟು ಎಸಳು?"

"ಏನವ್ವ?"

"ಎಸಳು, ಎಸಳು! ಎಷ್ಟು ಅವೆ?"

ಅಜ್ಜ ಯೋಚಿಸಿದ. "ಆರಿರಬೇಕು ತಗಾ. ಇಸ್ಕೂಲ್ ಗೋಡೆ ಮ್ಯಾಲೆ ಬರ್ದವ್ರಲ್ಲ."

"ನೀನು ಎಷ್ಟು ವರ್ಷದಿಂದ ಕಟ್ತಿದೀಯ ಇದನ್ನ?"

"ಬುದ್ಧಿ ಬಂದಾಗಿನಿಂದ್ಲೂ ಕಟ್ತಿದೀನಿ."

"ಹಂಗಾದ್ರೆ ಎಣಿಸು" ಎಂದು ಹಾರವನ್ನು ಅವನ ಕಣ್ಣಿಗೆ ಹಿಡಿದೆ. ಅಜ್ಜ ಒಂದು ಕೈಯಲ್ಲಿ ಕಂಬಿ ಹಿಡಿದುಕೊಂಡು, ಇನ್ನೊಂದು ಕೈಯ ಬೆರಳಿಟ್ಟು ಎಣಿಸಿದ. ಮತ್ತೊಂದು ಎಣಿಸಿದ. "ಇದರಮ್ಮನ! ಐದೇ ಅವಲ್ಲವ್ವಾ!" ಎಂದು ಬಸ್ಸಿಗೆಲ್ಲ ಕೇಳುವಂತೆ ಕೂಗಿದ. ಟಿಕೆಟ್ ಕೊಡುತ್ತಾ ಬಂದ ಕಂಡಕ್ಟರು, "ಮೊದ್ಲು ಟಿಕೆಟ್ ತಗಳ್ರಿ ಮೇಡಂ, ಆಮ್ಯಾಲೆ ಎಣಿಸೋರಂತೆ" ಎಂದವನು ತಾನೂ ಬಗ್ಗಿ ನೋಡಿ, "ನಾಕು... ಐದು. ಹೌದಲ್ರೀ!" ಎಂದ. ಹಿಂದಿನ ಸೀಟಿನ ಹೆಂಗಸರು ಕೈ ಚಾಚಿದರು. ಹಾರದ ತುದಿ ಸೀಟಿನಿಂದ ಸೀಟಿಗೆ ಹೋಯಿತು. "ನಂದೂ ಐದೇ." "ಇದ್ರಲ್ಲೂ ಐದು." "ಅಯ್ಯೋ, ಹುಟ್ಟಿದಾಗಿಂದ ನೋಡಿದೀವಿ, ಒಂದಿನ ಎಣಿಸಿಲ್ವಲ್ಲೇ ನಾವು!" ಅಜ್ಜನಿಗೆ ದಿಗಿಲಾಗಿ, "ಸ್ವಾಮಿಗೆ ಹಾಕೋದು ಕಣ್ರಪ್ಪ, ಬಿಚ್ಚಬ್ಯಾಡ್ರಿ" ಎನ್ನುತ್ತಲೇ ತಾನೂ ಎಣಿಸುತ್ತಿದ್ದ. ಅಷ್ಟು ಖುಷಿಯಾದ ಬಸ್ಸನ್ನು ನಾನು ಜೀವಮಾನದಲ್ಲಿ ಕಂಡಿಲ್ಲ. ಐದು ಎನ್ನುವುದೇನು ದೊಡ್ಡ ಸುದ್ದಿ? ಆದರೂ ಪ್ರತಿಯೊಬ್ಬರೂ ತಾವೇ ಕಂಡುಹಿಡಿದವರಂತೆ ಪಕ್ಕದವರಿಗೆ ತೋರಿಸುತ್ತಿದ್ದರು. ತೋರಿಸಬೇಕಾದ್ದೇ. ಅವರವರ ಕಣ್ಣಿಂದ ಅವರವರು ಕಂಡಿದ್ದರು.

ಹಾಗಾದರೆ ನನ್ನ ಆರು ಎಲ್ಲಿಂದ ಬಂತು? ಇಳಿಯುವ ಸ್ಟಾಪು ಬರುವಷ್ಟರಲ್ಲಿ ಹೊಳೆಯಿತು. ಕೈವಾರ! ಹಾಸ್ಟೆಲ್ಲಿನ ಮಂಚದ ಮೇಲೆ ಕೂತು ನಾನು ಜಾಮಿಟ್ರಿ ಬಾಕ್ಸಿನ ಕೈವಾರದಲ್ಲಿ ವೃತ್ತ ಎಳೆದು, ಅದೇ ಅಳತೆ ಇಟ್ಟುಕೊಂಡು ಸುತ್ತ ಕಮಾನು ಹಾಕಿದ್ದೆ. ಹಾಗೆ ಹಾಕಿದರೆ ಯಾರ ಕೈಯಲ್ಲಾದರೂ ಆರೇ ಎಸಳು ಬರುತ್ತದೆ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಕೈವಾರಕ್ಕೆ ಬರುವ ಹೂವು ಅದೊಂದೇ. ಎಲ್ಲರಂತೆ ಮಾಡಲಾರೆ ಎಂದು ಮೆರೆದವಳು ಹೂವನ್ನು ಬಿಟ್ಟು ಕೈವಾರವನ್ನು ನಂಬಿದ್ದೆ. ಅದನ್ನೇ ಜಿಲ್ಲೆಯೆಲ್ಲ ಬರೆದುಕೊಂಡಿತು, ಬುದ್ಧಿ ಬಂದಾಗಿನಿಂದ ಹೂವು ಕಟ್ಟಿದ ಅಜ್ಜನೂ ತನ್ನ ಬೆರಳಿಗಿಂತ ನನ್ನ ಗೋಡೆಯನ್ನೇ ನಂಬಿದ. ಬಸ್ಸಿನಿಂದ ಇಳಿದು ರಸ್ತೆಯಲ್ಲಿ ಒಬ್ಬಳೇ ನಗುತ್ತಾ ನಡೆದೆ. ಅರ್ಧ ದಾರಿಯಲ್ಲಿ ಕೆಂಪು ಅಡ್ಡಗೀಟು ನೆನಪಾಗಿ ನಗು ನಿಂತಿತು. ಅವಳು ತಿದ್ದಿಬಿಟ್ಟಿದ್ದರೆ? ಕಣ್ಣಿಗೆ ಕಂಡದ್ದನ್ನು ಅಳಿಸಿ, ನನಗೆ ಹೆದರಿ ಆರು ಎಸಳು ಬರೆದು ತಂದಿದ್ದರೆ? ಆಮೇಲೆ ನಾನು ಎಷ್ಟು ತಿದ್ದಿದರೂ ಆ ಮಗುವಿಗೆ ತನ್ನ ಕಣ್ಣಿನ ಮೇಲೆ ನಂಬಿಕೆ ವಾಪಸು ಬರುತ್ತದೆಯೇ? ಉಳಿದ ದಾರಿಯನ್ನು ಓಡಿದಂತೆಯೇ ನಡೆದೆ.

ಸ್ಟಾಫ್ ರೂಮಿನಲ್ಲಿ ಏದುಸಿರು ಬಿಡುತ್ತಾ ವಿಷಯ ಹೇಳಿದೆ. ಹೆಡ್ಮಾಸ್ಟರು, ಗಣಿತದ ಮೇಷ್ಟ್ರು, ಇಬ್ಬರೂ ತಕ್ಷಣ ಮೊಬೈಲು ತೆಗೆದರು. "ಇರ್ರಿ, ನೋಡಾಣ" ಎಂದು ಹುಡುಕತೊಡಗಿದರು. ನೆಟ್‌ವರ್ಕು ಇರಲಿಲ್ಲ. ಇಬ್ಬರೂ ಮೊಬೈಲನ್ನು ಮೇಲೆತ್ತಿಕೊಂಡು ಕಿಟಕಿಯ ಹತ್ತಿರ ಹೋದರು. ಕಿಟಕಿಯ ಆಚೆ, ಸರಳಿಗೆ ತಾಗುವಂತೆ, ಎಕ್ಕದ ಗಿಡ ಹೂವು ಬಿಟ್ಟುಕೊಂಡು ನಿಂತಿತ್ತು. "ಸಾರ್, ಅಲ್ಲೇ ಐತಲ್ರೀ!" ಎಂದು ನಾನು ಕಿರುಚಿದ ಮೇಲೆ ಹೆಡ್ಮಾಸ್ಟರು ಕೈ ಹೊರಗೆ ಹಾಕಿ ಒಂದು ಹೂವು ಕಿತ್ತರು. ಎಣಿಸಿ, "ಇಷ್ಟು ವರ್ಷ ಯಾರೂ ಕೇಳಿರ್ಲಿಲ್ಲ ಬಿಡ್ರಿ" ಎಂದರು. ಪಾಪ, ಅವರು ಪಕ್ಕದಲ್ಲಿ ನಿಂತು ಬರೆಸಿದವರು.

ಪ್ರಾರ್ಥನೆಯ ಹೊತ್ತಿಗೆ ಆ ಹುಡುಗಿ ಬಂದಿದ್ದಳು. ಎಲ್ಲರ ಎದುರಿಗೇ ಅವಳನ್ನು ಮುಂದೆ ಕರೆದು ಪುಸ್ತಕ ಕೇಳಿದೆ. ಕೊಡಲೋ ಬೇಡವೋ ಎಂಬಂತೆ ಕೊಟ್ಟಳು. ಪುಟ ತೆಗೆದೆ. ಹೂವು ಹಾಗೇ ಇತ್ತು, ಐದೇ ಎಸಳು, ಮೇಲೆ ನನ್ನ ಕೆಂಪು ಗೀಟು. ನನ್ನ ಬರಹದ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿದ್ದಳು: "ಗುರುವಾರ ಅಜ್ಜಿಯ ಜೊತೆ ಹೋಗಿ ನೂರು ಹೂವು ಎಣಿಸಿದೆ. ಗೋಡೆಯ ಹೂವು ಬೇರೆ ಜಾತಿಯದು ಇರಬಹುದು."

ನನ್ನನ್ನು ಸುಳ್ಳಿ ಎನ್ನುವುದಕ್ಕೆ ಮನಸ್ಸು ಬಾರದೆ ನನ್ನ ಹೂವಿಗೊಂದು ಜಾತಿಯನ್ನೇ ಕಲ್ಪಿಸಿಕೊಟ್ಟಿದ್ದಳು! ನನಗೆ ಅಳುವೂ ನಗುವೂ ಒಟ್ಟಿಗೇ ಬಂತು. "ಗೋಡೆ ತಪ್ಪು. ನಾನು ತಪ್ಪು. ಇವಳು ಸರಿ" ಎಂದು ಮೈಕಿಲ್ಲದೆಯೇ ಊರಿಗೆಲ್ಲ ಕೇಳುವಂತೆ ಹೇಳಿದೆ. ಮಕ್ಕಳು ಹೋ ಎಂದರು. ಮೇಡಂ ತಪ್ಪು ಎಂದು ಮೇಡಂ ಬಾಯಲ್ಲೇ ಕೇಳುವ ಭಾಗ್ಯ ದಿನಾ ಸಿಗುತ್ತದೆಯೇ? ಹೆಸರು ಅವಳದ್ದೇ ಹೋಯಿತು.

ಆಮೇಲಿನ ಒಂದು ವಾರ ನನ್ನನ್ನು ಹಿಡಿಯುವವರಿರಲಿಲ್ಲ. ಪೇಂಟರನನ್ನು ಕರೆಸಿ ಗೋಡೆಗೆ ಸುಣ್ಣ ಹೊಡೆಸಿ ಐದು ಎಸಳಿನ ಹೂವು ಬರೆಸಿದೆ. ಪ್ರತಿ ಕ್ಲಾಸಿಗೂ ಹೋಗಿ, "ಎಕ್ಕದ ಹೂವಿಗೆ ಎಷ್ಟು ದಳ?" ಎಂದು ಕೇಳುವುದು, ಮಕ್ಕಳು "ಐದೂ!" ಎಂದು ರಾಗವಾಗಿ ಕೂಗುವುದು. ಎಲ್ಲರ ಪುಸ್ತಕದಲ್ಲೂ ಐದೆಸಳಿನ ಹೂವು ಬರೆಸಿದೆ. ಶಿಕ್ಷಕರ ಗುಂಪುಗಳಿಗೂ ಹೊಸ ಫೋಟೋ ಕಳಿಸಿದೆ. ನೂರಾರು ಹೆಬ್ಬೆರಳುಗಳು ಬಂದವು. ಒಬ್ಬರಾದರೂ ನೋಡಿ ಎಣಿಸಿದರೋ ಇಲ್ಲವೋ ನನಗೆ ಗೊತ್ತಿಲ್ಲ, ನಾನು ಕೇಳಲೂ ಇಲ್ಲ.

ವಸ್ತುಪ್ರದರ್ಶನದ ದಿನ ಹೊಳಲ್ಕೆರೆ ಮೇಲೆ ಚಿತ್ರದುರ್ಗಕ್ಕೆ ಹೋದೆವು. ದಾರಿಯುದ್ದಕ್ಕೂ ನಾನು ಅವಳ ತಲೆ ತಿನ್ನುತ್ತಿದ್ದೆ. "ತೀರ್ಪುಗಾರರು ಎಸಳು ಎಷ್ಟು ಅಂತ ಕೇಳ್ತಾರೆ. ಐದು ಅಂತ ಗಟ್ಟಿಯಾಗಿ ಹೇಳು. ಹೆದರಬೇಡ." ಅವಳು ಕಿಟಕಿಯಿಂದ ಹೊರಗೆ ನೋಡುತ್ತಾ ಹೂಂ ಎಂದಳು.

ಸಭಾಂಗಣದ ತುಂಬ ಮಾಡೆಲ್ಲುಗಳು. ನಮ್ಮ ಮೇಜು ಒಂದು ಮೂಲೆಯಲ್ಲಿ. ಮಧ್ಯಾಹ್ನದ ಹೊತ್ತಿಗೆ ವಯಸ್ಸಾದ ತೀರ್ಪುಗಾರರೊಬ್ಬರು ಬಂದು, ಪುಸ್ತಕವನ್ನು ನಿಂತುಕೊಂಡೇ ತಿರುವಿ, ಕೋಳಿಯ ಪುಟ ಬಂದಾಗ ಕುರ್ಚಿ ಎಳೆದುಕೊಂಡು ಕೂತರು. ನನಗೆ ಒಳಗೊಳಗೇ ಕುಣಿಯುವಂತಾಯಿತು. ಎಕ್ಕದ ಪುಟ ಬಂದಾಗ ಕೆಂಪು ಗೀಟನ್ನು ನೋಡಿ ಹುಬ್ಬೇರಿಸಿದರು. ನಾನು ಗಂಟಲು ಸರಿಮಾಡಿಕೊಂಡು, ಅದು ನನ್ನದೇ ತಪ್ಪು ಸಾರ್ ಎಂದೆ.

"ಹಾಗಾದ್ರೆ ನೀನು ಹೇಳಮ್ಮ, ಎಕ್ಕದ ಹೂವಿಗೆ ಎಷ್ಟು ದಳ?"

ನಾನು ಹಿಂದೆ ನಿಂತು ಬೆರಳು ಅಗಲಿಸಿ ಐದು ಎಂದು ತೋರಿಸಿದೆ.

"ನಾನು ಎಣಿಸಿದ್ರಲ್ಲಿ ಎಲ್ಲಾದಕ್ಕೂ ಐದು ಸಾರ್" ಎಂದಳು. ಪುಸ್ತಕದತ್ತ ಕೈ ಚಾಚಿದಳು. "ಒಂದಕ್ಕೆ ಮಾತ್ರ ನಾಕು."

ನಾಲ್ಕೇ? ಎಲ್ಲಿಂದ ತಂದಳು ಇವಳು ನಾಲ್ಕನ್ನು? ಅವಳು ಪುಸ್ತಕದ ಕೊನೆಯ ಪುಟ ತೆಗೆದಳು. ಅಲ್ಲಿ ಒಣಗಿದ ಹೂವೊಂದನ್ನು ಅಂಟಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಹಚ್ಚಿದ್ದಳು. ತೀರ್ಪುಗಾರರು ಕನ್ನಡಕ ತೆಗೆದು, ಪುಸ್ತಕವನ್ನು ಕಣ್ಣಿನ ಹತ್ತಿರ ಹಿಡಿದು ಎಣಿಸಿದರು. ನಾನೂ ಅವರ ಭುಜದ ಮೇಲೆ ಬಗ್ಗಿ ಎಣಿಸಿದೆ. ನಾಲ್ಕು ಎಸಳು, ನಾಲ್ಕೂ ಸಮ, ಒಂದೂ ಉದುರಿದ ಗುರುತಿಲ್ಲ. ಕೆಳಗೆ ಬರೆದಿದ್ದಳು: "ಇದು ಯಾಕೆ ಹೀಗೆ ಎಂದು ಗೊತ್ತಿಲ್ಲ. ಅದೇ ಗಿಡದ ಉಳಿದ ಹೂವುಗಳಿಗೆ ಐದು." ಅವರು ಪುಸ್ತಕ ಕೆಳಗಿಡದೆ ಅವಳನ್ನು ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದರು. ಕ್ಲಾಸಿನಲ್ಲಿ ಬಾಯಿ ಬಿಡದವಳು ಯಾವ ಗಿಡ, ಯಾವ ಕೊಂಬೆ, ಯಾವ ದಿನ ಎಂದು ಕೈಯಾಡಿಸಿಕೊಂಡು ಹೇಳುತ್ತಲೇ ಹೋದಳು. ಅವಳ ಕಣ್ಣು ಮಿಂಚುತ್ತಿದ್ದುದನ್ನು ನೋಡಿ ನನಗೆ ಆ ಮೂಲೆಯಲ್ಲೇ ಶಿಳ್ಳೆ ಹೊಡೆಯಬೇಕೆನಿಸಿತು.

ಮೊದಲ ಬಹುಮಾನ ಬೇರೆ ತಾಲ್ಲೂಕಿನ ಪುಸ್ತಕವೊಂದಕ್ಕೆ ಹೋಯಿತು, ನಮಗೆ ಮೂರನೆಯದು. ನಾನು ಅಲ್ಲೇ ಜಗಳಕ್ಕೆ ನಿಲ್ಲುವವಳಿದ್ದೆ. ಅವಳೇ ಸೆರಗು ಎಳೆದು, "ಬಸ್ಸು ಹೋಗ್ತತೆ ಮಿಸ್, ಹೋಗಾಣ ಬರ್ರಿ" ಎಂದು ಕರೆದುಕೊಂಡು ಬಂದಳು.

ಬಸ್ಸಿನಲ್ಲಿ ಕೂತ ಮೇಲೆ ಕೇಳಿದೆ. "ಆ ನಾಲ್ಕೆಸಳಿನ ಹೂವು ಯಾವಾಗ ಸಿಕ್ತೇ?"

"ಗೋಡೆಗೆ ಸುಣ್ಣ ಹೊಡೆಸಿದ್ರಲ್ಲ, ಆ ವಾರದ ಸೋಮವಾರ ಮಿಸ್."

"ಸೋಮವಾರನಾ? ನಂಗೆ ಯಾಕೆ ತೋರಿಸ್ಲಿಲ್ಲ?"

ಅವಳು ತಲೆ ತಗ್ಗಿಸಿ ಪುಸ್ತಕದ ಅಂಚನ್ನು ಸವರುತ್ತಾ ಕೂತಳು. ನಾನು ಬಿಡುವವಳಲ್ಲ, ಇನ್ನೊಮ್ಮೆ ಕೇಳಿದೆ.

"ತೋರಿಸಿದ್ರೆ, ಅದು ಲೆಕ್ಕಕ್ಕಿಲ್ಲ, ತೆಗೆದು ಬಿಸಾಕು ಅಂತಿದ್ರಿ."

ನಾನ್ಯಾಕೆ ಹಾಗನ್ನಲಿ ಎಂದು ಬಾಯಿ ತೆರೆದವಳಿಗೆ ನೆನಪಾಯಿತು. ಆ ಸೋಮವಾರ ಅವಳ ಕ್ಲಾಸಿನಲ್ಲೇ ನಾನು ಬೆತ್ತದಿಂದ ಮೇಜು ಬಡಿಯುತ್ತಾ ಐವತ್ತು ಮಕ್ಕಳ ಕೈಲಿ ಐದು, ಐದು ಎಂದು ಕೂಗಿಸಿದ್ದೆ. ಅವಳೂ ಆ ಐವತ್ತರಲ್ಲಿ ಕೂತಿದ್ದಳು, ಹೂವು ಬಹುಶಃ ಬ್ಯಾಗಿನಲ್ಲೇ ಇತ್ತು.

"ಹೌದು ಕಣೆ, ಅಂತಿದ್ದೆ" ಎಂದೆ.